ಮೂರನೇ ಲಿಫ್ಟ್ ಸುಮ್ಮನಿದೆ

ಮಾರ್ಚ್ 3, ಮಂಗಳವಾರ
ಮೂರನೇ ಲಿಫ್ಟ್ ಇವತ್ತೂ ಸುಮ್ಮನಿದೆ. ಎಂದಿನಂತೆ ಸ್ಕ್ರೂಡ್ರೈವರ್ ತುದಿ ಮೋಟರ್‌ಗೆ, ಹಿಡಿ ಕಿವಿಗೆ. ಇಪ್ಪತ್ತೆರಡು ವರ್ಷದಿಂದ ಇದೇ ನನ್ನ ಸ್ಟೆತಾಸ್ಕೋಪು. ಬೇರಿಂಗ್ ಸವೆದಿದ್ದರೆ ಕೀರಲು ಸದ್ದು ಬರಬೇಕು. ಬರಲಿಲ್ಲ. ಪುಸ್ತಕದಲ್ಲಿ ‘ಓಕೆ’ ಬರೆದು ಸಹಿ ಹಾಕಿದೆ. ಮುದಿ ಮೋಟರ್, ಮದುಮಗಳ ಹಾಗೆ ಮೌನ...

ಮಾರ್ಚ್ 5
ಹೆಂಡತಿ ಹೊಲಿಗೆ ಕೆಲಸಕ್ಕೆ ಹೋಗುವುದು ಆ ಮೂರನೇ ಲಿಫ್ಟ್ ಇರುವ ಕಟ್ಟಡದ ಆರನೇ ಮಹಡಿಗೆ. ಸಂಜೆ ಕುಕ್ಕರ್ ಇಟ್ಟು ಶುರು ಮಾಡಿದಳು.
“ರೀ, ನಿಮ್ಮ ಲಿಫ್ಟ್ ಕಿರುಚತ್ತೆ. ನಾವೆಲ್ಲ ಕಿವಿ ಮುಚ್ಕೊಂಡು ಹೋಗ್ತೀವಿ.”
“ನಿನ್ನನ್ನ ಹೊರಬೇಕಲ್ಲ, ಅದಕ್ಕೇ ಅಳತ್ತೆ!”
ನಗಲಿಲ್ಲ. ಬಟ್ಟೆ ತೆಗೆಯಲು ಹೊರಗೆ ಹೋದವಳು ಓಡಿ ಬಂದು ಒಲೆ ಆರಿಸಿದಳು. ಕುಕ್ಕರ್ ಐದು ಸಲ ಕೂಗಿತಂತೆ. ಎದುರಿಗೇ ಕೂತಿದ್ದೆ. ಆವಿ ಚಿಮ್ಮುವುದು ಕಂಡೆ. ಕೂಗು ಮಾತ್ರ—

ಮಾರ್ಚ್ 12, ಗುರುವಾರ
ಕಿವಿ ಡಾಕ್ಟರಮ್ಮ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗ ಗುಂಡಿ ಒತ್ತಿ ಅಂದರು. ಅವರ ಬೆರಳು ಆಡಿದಾಗೆಲ್ಲ ಒತ್ತಿದೆ. ಫಸ್ಟ್ ಕ್ಲಾಸ್! ಆಮೇಲೆ ನನ್ನ ಕುರ್ಚಿಯನ್ನು ಗೋಡೆ ಕಡೆ ತಿರುಗಿಸಿದರು. ಕಾದೆ. ಇನ್ನೂ ಶುರುವಾಗಿಲ್ಲ ಅಂದುಕೊಂಡೆ. ಮುಗಿದೇ ಹೋಗಿತ್ತು.
“ಶುಗರ್ ಎಷ್ಟು ವರ್ಷದಿಂದ?”
“ಆರು. ನಾನು ಮೊದಲಿಂದ್ಲೂ ಸಿಹಿ ಮನುಷ್ಯ ಡಾಕ್ಟ್ರೇ.”
“ಮಾತ್ರೆ?”
“ನೆನಪಾದಾಗ...”
“ಕಿವಿ ಒಳಗಿನ ಸಣ್ಣ ರಕ್ತನಾಳಗಳನ್ನ ಶುಗರ್ ಹಾಳು ಮಾಡಬಹುದು. ನಿಮಗೂ ಹಾಗೇ ಆಗಿರೋ ಹಾಗಿದೆ. ಕೀರಲು ಸದ್ದು ಮೊದಲು ಹೋಗುತ್ತೆ. ಹೋದದ್ದು ವಾಪಸ್ ಬರಲ್ಲ. ಉಳಿದದ್ದನ್ನಾದ್ರೂ ಉಳಿಸ್ಕೊಳ್ಳಿ.”
ಬಸ್ಸಿನಲ್ಲಿ ಹೊಳೆಯಿತು. ಒಂದು ವರ್ಷದಿಂದ ನನಗೆ ಕೆಟ್ಟ ಬೇರಿಂಗ್ ಒಂದೂ ಸಿಕ್ಕಿಲ್ಲ.

ಮಾರ್ಚ್ 13
ಜೊತೆ ಮೆಕ್ಯಾನಿಕ್ ಲಂಬೂನನ್ನು ಮೂರನೇ ಲಿಫ್ಟಿನ ಮೋಟರ್ ಹತ್ತಿರ ಕರೆದುಕೊಂಡು ಹೋದೆ. ಸ್ಕ್ರೂಡ್ರೈವರ್‌ಗೆ ಕಿವಿ ಇಟ್ಟವನು ಬೆಂಕಿ ತಗುಲಿದವನ ಹಾಗೆ ಹಿಂದೆ ಸರಿದ.
“ಇದಕ್ಕೆ ಓಕೆ ಬರೆದಿದ್ದೀಯಲ್ಲೋ ಮಾರಾಯ!”
ನಾನೂ ಇಟ್ಟೆ. ಹಲ್ಲು ಅದುರಿತು. ಸದ್ದಿಲ್ಲ.
ಲಿಫ್ಟ್ ನಿಲ್ಲಿಸಿದೆವು. ಬೇರಿಂಗ್ ಪುಡಿಪುಡಿ.
“ಆಫೀಸಲ್ಲಿ ಬಾಯಿ ಬಿಡಬೇಡ. ಕೆಲಸ ಹೋಗತ್ತೆ.”
“ಉಳಿದ ಲಿಫ್ಟಿಗೂ ನಂದೇ ಸಹಿ ಕಣೋ.”

ಮಾರ್ಚ್ 14, ಮಧ್ಯಾಹ್ನ
ಆಫೀಸಿಗೆ ಕೊಡಲು ಪಟ್ಟಿ ಬರೆಯುತ್ತಿದ್ದೇನೆ. ವರ್ಷವಿಡೀ ನಾನು ಓಕೆ ಅಂದವು. ಬ್ಯಾಂಕಿನದು. ಕಣ್ಣಾಸ್ಪತ್ರೆಯವು ಎರಡು. ಶಾಲೆ... ಹೌದು, ಶಾಲೆಯದೂ. ಎಲ್ಲವೂ ಸುಮ್ಮನಿದ್ದವು. ಮನೆಯೂ ಈಗ ಹಾಗೇ ಸುಮ್ಮನಿದೆ. ತಲೆ ಎತ್ತಿದರೆ ಬಾಗಿಲಲ್ಲಿ ಹೆಂಡತಿ. ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ಚಮಚ. ತಟ್ಟೆಗೆ ಬಡಿಯುತ್ತಿದ್ದಾಳೆ. ಊಟಕ್ಕೆ. ಎಷ್ಟು ಹೊತ್ತಿನಿಂದ ಬಡಿಯುತ್ತಿದ್ದಾಳೋ—