ಹೊದಿಸಿದ ಚರ್ಮ

ಗುಮ್ಮಘಟ್ಟ

ಡಾಕ್ಟರಮ್ಮನವರಿಗೆ ಸುಶ್ಮಿತಾಳ ನಮಸ್ಕಾರ.

ಈ ಪತ್ರ ತಂದಿರುವವಳು ನಮ್ಮವ್ವ. ಅವಳಿಗೆ ಓದಲು ಬಾರದು. ದಯವಿಟ್ಟು ನೀವೂ ಓದಿ ಹೇಳಬೇಡಿ.

ಬಿಸಿನೀರು ಬಿದ್ದ ತೋಳಿನ ಗಾಯ ಪೂರ್ತಿ ಮಾಗಿದೆ. ನೀವು ಹೇಳಿದಂತೆ ಕಲೆಗೆ ಮುಲಾಮು ಹಚ್ಚುತ್ತೇನೆ, ಬಿಸಿಲಿಗೆ ಒಡ್ಡುವುದಿಲ್ಲ. ಆಪರೇಷನ್ ಮಾಡಿ ಹೊದಿಸಿದ್ದ, ಯಾರೋ ತೀರಿಹೋದವರ ಚರ್ಮ, ನನ್ನದು ಬೆಳೆದಂತೆ ಉದುರಿಹೋಯಿತೆಂದು ನೀವೇ ತೋರಿಸಿದ್ದಿರಿ.

ಆದರೆ ಹೋದ ವಾರದಿಂದ ಗುರುತಿಲ್ಲದ ಹೆಂಗಸೊಬ್ಬಳು ನಮ್ಮ ಕುರಿ ರೊಪ್ಪಕ್ಕೆ ಬರುತ್ತಿದ್ದಾಳೆ. ಮೊದಲ ದಿನವೇ ನೇರ ಬಂದು, ನನ್ನ ಕಲೆಗೆ ಮೂಗು ತಾಗಿಸಿ, "ಎಷ್ಟು ದಿನ ಆತು, ಮನಿಗೆ ಬಾ ರೇಖಾ" ಅಂದಳು. "ಈಕಿ ನನ್ನ ಮಗಳ್ರಿ, ಸುಶ್ಮಿತಾ" ಎಂದು ಅವ್ವ ಹೇಳಿದ್ದು ಅವಳ ಕಿವಿಗೆ ಬೀಳಲೇ ಇಲ್ಲ.

ನಮ್ಮಲ್ಲಿ ಮರಿ ಸತ್ತ ಕುರಿಗೆ ಬೇರೆ ಕುರಿಯ ಮರಿಯನ್ನು ಕೂಡಿಸಬೇಕಾದರೆ, ಸತ್ತ ಮರಿಯ ಚರ್ಮ ಸುಲಿದು ಈ ಮರಿಯ ಮೈಗೆ ಹೊದಿಸುತ್ತಾರೆ. ಕುರಿ ಮೂಸಿ ನೋಡಿ ಹಾಲು ಕೊಡುತ್ತದೆ. ನಾಲ್ಕು ದಿನ ಬಿಟ್ಟು ಆ ಚರ್ಮ ತೆಗೆದರೂ ಮರಿಯನ್ನು ಬಿಡುವುದಿಲ್ಲ. ಮರಿಯೂ ಹೆತ್ತ ಕುರಿಯ ಕಡೆ ತಿರುಗಿ ನೋಡುವುದಿಲ್ಲ.

ನಿನ್ನೆ ಬೇಲಿಯಾಚೆಯಿಂದ ಅವಳು ರೇಖಾ ಎಂದು ಕೂಗಿದಾಗ ನಾನು "ಬಂದೆ ಅವ್ವಾ" ಅಂದುಬಿಟ್ಟೆ. ತನ್ನನ್ನೇ ಕರೆದೆನೆಂದು ನಮ್ಮವ್ವ ಒಲೆ ಬಿಟ್ಟು ಓಡಿಬಂದಳು.

ಇನ್ನು ಮುಲಾಮು ಬೇಡ. ಅವ್ವನನ್ನು ಮಾತ್ರ ಸಂಜೆಯವರೆಗೆ ಅಲ್ಲೇ ಕೂರಿಸಿಕೊಳ್ಳಿ. ನಾನು ಆ ಹೆಂಗಸಿನ ಹಿಂದೆ ಹೊರಟಾಗ ನಮ್ಮವ್ವ ಕೂಗಿ, ನಾನು ತಿರುಗಿ ನೋಡದೆ ಹೋದರೆ, ಅದು ಅವಳ ಕಣ್ಣಿಗೆ ಬೀಳಬಾರದು.

ನಿಮ್ಮ ಕೈಯಲ್ಲಿ ವಾಸಿಯಾದ,
ಸುಶ್ಮಿತಾ