ಹಿಂದಿನ ಗೋಡೆಯ ತಂತಿ

ಮೇಲಿನ ಮನೆಯ ಯಜಮಾನರಿಗೆ,

ಎಷ್ಟು ತಟ್ಟಿದರೂ ನೀವು ಬಾಗಿಲು ತೆಗೆಯುತ್ತಿಲ್ಲ, ಅದಕ್ಕೇ ಈ ಪತ್ರವನ್ನು ಸಂದಿಯಲ್ಲಿ ತೂರಿಸುತ್ತಿದ್ದೇನೆ. ಮೊನ್ನೆಯ ಜಗಳ ಪಕ್ಕಕ್ಕಿರಲಿ.

ಕೆಳಗಿನ ಮನೆಯಲ್ಲಿ ನಾನು ಕೂದಲೆಳೆಯಂಥ ಗಾಜಿನ ತಂತಿಯೊಳಗೆ ಅತಿವೇಗದ ಲೇಸರ್‌ನಿಂದ ಗೆರೆ ಕೊರೆಯುತ್ತೇನೆ. ಆ ಗೆರೆಗಳೇ ಸೆನ್ಸರ್. ತಂತಿ ಚೂರು ಜಗ್ಗಿದರೂ ಅವುಗಳಿಂದ ಮರಳುವ ಬೆಳಕಿನ ಬಣ್ಣ ಸರಿಯುತ್ತದೆ. ನಿಮ್ಮ ವಾಕಿಂಗ್‌ನಿಂದಲೇ ನನ್ನ ಗೆರೆಗಳು ಕೆಡುತ್ತಿವೆ ಎಂದು ಸಾಬೀತು ಮಾಡಲು ಒಂದು ತಂತಿಯನ್ನು ಹಿಂದಿನ ಗೋಡೆಗೆ ಅಂಟಿಸಿದ್ದೆ.

"ನನ್ನ ಮನೇಲಿ ನಾನು ಓಡಾಡೋಕೂ ನಿನ್ನ ಅಪ್ಪಣೆ ಬೇಕೇನಮ್ಮಾ?" ಎಂದು ನೀವು ರೇಗಿದ್ದು ನ್ಯಾಯವೇ. ಆದರೆ ನೀವೂ ಅಮ್ಮನವರೂ ಮಗಳ ಮನೆಗೆ ಹೋಗಿದ್ದಾಗಲೂ ಬಣ್ಣ ಸರಿಯುತ್ತಲೇ ಇತ್ತು. ಹೆಜ್ಜೆಯಿಂದ ಗೋಡೆ ಅದುರಿದ್ದಾದರೆ ಬಣ್ಣ ಮತ್ತೆ ಮೊದಲಿನ ಜಾಗಕ್ಕೆ ಬರಬೇಕು. ಇದು ವಾಪಸ್ ಬರುತ್ತಿಲ್ಲ. ಬಿಸಿಲಿಗೆ ತಂತಿ ಹಿಗ್ಗುವ ಲೆಕ್ಕ ಕಳೆದೂ ನೋಡಿದೆ. ಜಾರುತ್ತಿರುವುದು ಗೋಡೆ, ಇವತ್ತು ಬೆಳಗ್ಗೆಯಿಂದ ಇನ್ನೂ ಜೋರಾಗಿ.

ಅಮ್ಮನವರ ಮಂಚ ಅದೇ ಗೋಡೆಗೆ ಒರಗಿಕೊಂಡಿದೆ. ಅವರನ್ನು ಎಬ್ಬಿಸಿ ಕರೆದುಕೊಂಡು ಬನ್ನಿ, ಬೀರು ಗೀರು ಅಂತ ನಿಲ್ಲಬೇಡಿ. ಇಂಜಿನಿಯರಿಗೆ ಫೋನ್ ಮಾಡಿದ್ದೇನೆ. ನನ್ನನ್ನು ಬೈಯುವುದಿದ್ದರೆ ರಸ್ತೆಯಲ್ಲಿ ನಿಂತು ಬೈಯಿರಿ.

ನಾನು ಬಾಗಿಲ ಹೊರಗೇ ಇದ್ದೇನೆ. ದಯವಿಟ್ಟು ಮೆಲ್ಲಗೆ ಹೆಜ್ಜೆ ಇಡಿ. ಈ ಸಲ ನನ್ನ ಕೆಲಸಕ್ಕಾಗಿ ಹೇಳುತ್ತಿಲ್ಲ.

ಇಂತಿ,
ನೀವೇ ಹೆಸರಿಟ್ಟ ಗಾಜಿನಮ್ಮ