ನುಡಿಯದ ಪಿಟೀಲು

ಅಕ್ಕನಿಗೆ,

ತೊಡೆಯ ಮೇಲೆ ಕಾಗದ ಇಟ್ಟು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ಇವತ್ತಿನ ಐಸ್ ಸ್ಕೇಟಿಂಗ್ ಸ್ಪರ್ಧೆಯಲ್ಲಿ ಸಂಗೀತಕ್ಕೆ ತಕ್ಕಂತೆ ಕುಣಿದಿದ್ದಕ್ಕೆ ಎಲ್ಲರಿಗಿಂತ ಹೆಚ್ಚು ಅಂಕ ನನಗೇ ಬಂತು. ಆದರೆ ಅಕ್ಕಾ, ನೀನು ನನಗೆಂದು ನುಡಿಸಿ ಕಳಿಸಿದ್ದ ಪಿಟೀಲು ಅಲ್ಲಿ ಕೇಳಿಸಲೇ ಇಲ್ಲ!

ಹಾಡು ಹಾಕುವವನು ಬೇರೆ ಹುಡುಗಿಯ ಡ್ರಮ್ ಸಂಗೀತ ಹಾಕಿಬಿಟ್ಟ. ನಾನಾಗಲೇ ಮಂಜುಗಡ್ಡೆಯ ನಟ್ಟನಡುವೆ ನಿಂತಿದ್ದೆ. ಕೈಯೆತ್ತಿ ನಿಲ್ಲಿಸಬಹುದಿತ್ತು, ಅದೂ ಹೊಳೆಯಲಿಲ್ಲ. ಕಾಲು ತನ್ನಷ್ಟಕ್ಕೆ ನಿನ್ನ ರಾಗದ ಹಿಂದೆಯೇ ಹೋಯಿತು. ನಿನ್ನ ಕಮಾನು ಮೆಲ್ಲಗೆ ಎಳೆಯುವ ಕಡೆ ನಾನೂ ಮೆಲ್ಲಗೆ ಜಾರಿದೆ; ಮೇಲೆ ಡ್ರಮ್ ದಬದಬ ಬಡಿಯುತ್ತಿತ್ತು. ನಾನು ಮುಗಿಸಿ ನಿಂತ ಮೇಲೂ ಅದು ನಿಲ್ಲಲಿಲ್ಲ. ಜನ ಅದನ್ನೂ ಕಲೆಯೆಂದುಕೊಂಡು ಚಪ್ಪಾಳೆ ಹೊಡೆದರು!

ತೀರ್ಪುಗಾರ್ತಿಯೊಬ್ಬರು ನನ್ನ ಗಲ್ಲ ಹಿಡಿದು, “ಎಂಥಾ ಕಿವಿ ನಿಂದು! ಒಂದು ತಾಳಾನೂ ತಪ್ಪಿಲ್ಲ,” ಅಂದರು. ನಾನು ನಮಸ್ಕಾರ ಮಾಡಿ ಬಂದುಬಿಟ್ಟೆ. ಸ್ಕೇಟಿಂಗ್ ಕಲಿಸುವ ಮಾಸ್ತರು, “ಮುಂದಿನ ತಿಂಗಳ ಫೈನಲ್‌ಗೂ ಡ್ರಮ್ಮೇ ಇರ್ಲಿ,” ಅಂತಾರೆ.

ನೀನು ಬಾ ಅಕ್ಕಾ. ಮುಂದಿನ ಸಾಲಲ್ಲಿ ಕೂತು, ಎರಡೂ ಕಿವಿ ಮುಚ್ಚಿಕೊಂಡು ನನ್ನ ಕಾಲು ನೋಡು. ನಿನ್ನ ಪಿಟೀಲು ನಿನಗೆ ಕೇಳಿಸುತ್ತದೆ.

ಇನ್ನೂ ಬೂಟು ಬಿಚ್ಚದೆ ಕೂತಿರುವ
ನಿನ್ನ ತಂಗಿ